ಬಿಷಪ್ ಇಲ್ಲದಿದ್ದರೆ ಅದು ಚರ್ಚ್ ಅಲ್ವಾ? ಲೂಥರನ್ನರ ಹಳೇ ಜಗಳ

ಪ್ರಶ್ನೆ: ನಾವು ಮಂಗಳೂರಿನವರು. ಬಾಸೆಲ್ ಮಿಷನ್ ಕಾಲದಿಂದ ಬಂದ ಕುಟುಂಬ, ಈಗ ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆ. ಮಗಳು ಅಮೆರಿಕದ ಮಿನ್ನೆಸೋಟಾದಲ್ಲಿ ಕೆಲಸದಲ್ಲಿದ್ದಾಳೆ. ಅವಳ ಮನೆ ಹತ್ತಿರ ಎರಡು ಲೂಥರನ್ ಚರ್ಚುಗಳಿವೆಯಂತೆ. ಒಂದಕ್ಕೆ ಬಿಷಪ್ ಇದ್ದಾರೆ. ಇನ್ನೊಂದಕ್ಕೆ ಬಿಷಪ್ಪೇ ಇಲ್ಲ, ‘ಪ್ರೆಸಿಡೆಂಟ್’ ಅಂತೆ. ಎರಡೂ ಕಡೆಯವರು ನಾವೇ ಲೂಥರ್ ದಾರಿಯವರು ಅನ್ನುತ್ತಾರಂತೆ. ನಮ್ಮಲ್ಲಿ ಬಿಷಪ್ ಅಂದರೆ ಕೊನೇ ಮಾತು. ಲೂಥರನ್ನರಲ್ಲಿ ಬಿಷಪರಿಗೆ ನಿಜಕ್ಕೂ ಅಧಿಕಾರ ಇದೆಯೋ ಇಲ್ಲವೋ? ಬಿಷಪ್ ಇಲ್ಲದ ಚರ್ಚಿನಲ್ಲಿ ಅವಳು ಕರ್ತನ ಭೋಜನ ತೆಗೆದುಕೊಳ್ಳಬಹುದಾ?

ಉತ್ತರ: ಎರಡೂ ಲೂಥರನ್ ಚರ್ಚುಗಳೇ. ಬಿಷಪ್ ಇದ್ದಾರೆ ಅಂತ ಒಂದು ಜಾಸ್ತಿ ಲೂಥರನ್ ಆಗುವುದಿಲ್ಲ, ಇಲ್ಲ ಅಂತ ಇನ್ನೊಂದು ಕಡಿಮೆ ಆಗುವುದೂ ಇಲ್ಲ. ಬಿಷಪರಿಗೆ ಅಧಿಕಾರ ಖಂಡಿತ ಇದೆ. ಸುವಾರ್ತೆ ಸಾರುವುದು, ಪಾಪ ಕ್ಷಮೆ ಹೇಳುವುದು, ದೀಕ್ಷಾಸ್ನಾನ ಮತ್ತು ಕರ್ತನ ಭೋಜನ ಕೊಡುವುದು ಆ ಅಧಿಕಾರ. ಆದರೆ ಹಳ್ಳಿಯ ಒಂದು ಸಣ್ಣ ಸಭೆಯ ಪಾಸ್ಟರಿಗೂ ಅಷ್ಟೇ ಅಧಿಕಾರ ಇದೆ. ಅದರ ಮೇಲೆ ಬಿಷಪರ ಕೈಗೆ ಬಂದದ್ದೆಲ್ಲ, ಅಂದರೆ ಗುರುದೀಕ್ಷೆ (ಒಬ್ಬರನ್ನು ಪಾಸ್ಟರ್ ಮಾಡುವ ದೀಕ್ಷೆ) ಕೊಡುವ ಹಕ್ಕು, ಮೇಲ್ವಿಚಾರಣೆ, ಸಹಿ, ಮೊಹರು, ಇವೆಲ್ಲ ಮನುಷ್ಯರು ಮಾಡಿಕೊಂಡ ಏರ್ಪಾಡು. ಇಷ್ಟನ್ನು ಹೆಚ್ಚುಕಡಿಮೆ ಎಲ್ಲ ಲೂಥರನ್ನರೂ ಒಪ್ಪುತ್ತಾರೆ. ಆ ಏರ್ಪಾಡನ್ನು ಎಷ್ಟು ಬಿಗಿಯಾಗಿ ಹಿಡಿದುಕೊಳ್ಳಬೇಕು ಅನ್ನುವಲ್ಲಿ ಜಗಳ ಶುರುವಾಗುತ್ತದೆ.

ಇದಕ್ಕೆ 1530ಕ್ಕೆ ಹೋಗಬೇಕು. ಆಗಿನ ಜರ್ಮನಿಯ ಬಿಷಪ್ ಅಂದರೆ ನೀವು ನೋಡಿರುವ ಬಿಷಪರಂತೆ ಅಲ್ಲ. ಅವರಲ್ಲಿ ಎಷ್ಟೋ ಮಂದಿ ಸಂಸ್ಥಾನ ಆಳುವ ದೊರೆಗಳು. ಸೈನ್ಯ ಇತ್ತು, ತೆರಿಗೆ ಇತ್ತು, ಜೈಲೂ ಇತ್ತು. ಬ್ರಾಂಡೆನ್‌ಬರ್ಗಿನ ಆಲ್ಬರ್ಟ್ ಎಂಬಾತ 1514ರಲ್ಲಿ ಮೈಂಟ್ಸ್‌ನ ಆರ್ಚ್‌ಬಿಷಪ್ ಆದಾಗ ವಯಸ್ಸು ಇಪ್ಪತ್ನಾಲ್ಕು. ಅಷ್ಟರಲ್ಲಾಗಲೇ ಮಾಗ್ಡೆಬರ್ಗ್ ಮತ್ತು ಹಾಲ್ಬರ್‌ಸ್ಟಾಟ್ ಅವನ ಕೈಯಲ್ಲಿದ್ದವು. ಮೂರನೆಯದಕ್ಕೆ ರೋಮಿಗೆ ಕಟ್ಟಬೇಕಾದ ಹಣವನ್ನು ಫುಗ್ಗರ್ ಸಾಹುಕಾರರಿಂದ ಸಾಲ ತಂದ. ಸಾಲ ತೀರಿಸಲು ಪಾಪವಿಮೋಚನೆಯ ಚೀಟಿಗಳನ್ನು ಮಾರಿಸಿದ. 1517ರಲ್ಲಿ ಮಾರ್ಟಿನ್ ಲೂಥರ್ ಸಿಟ್ಟಿಗೆದ್ದದ್ದು ಅದೇ ಚೀಟಿಗಳ ವಿಷಯಕ್ಕೆ. ಹೀಗಾಗಿ ಲೂಥರನ್ ಸುಧಾರಣೆ ಹುಟ್ಟುವಾಗಲೇ ‘ಬಿಷಪರ ಅಧಿಕಾರ ಎಲ್ಲಿಯವರೆಗೆ’ ಅನ್ನುವ ಪ್ರಶ್ನೆ ಜೊತೆಗೇ ಇತ್ತು.

1530ರ ಜೂನ್ 25ರಂದು ಚಕ್ರವರ್ತಿ ಐದನೇ ಚಾರ್ಲ್ಸ್ ಮುಂದೆ ಲೂಥರನ್ ದೊರೆಗಳು ತಮ್ಮ ನಂಬಿಕೆಯನ್ನು ಓದಿಸಿದರು. ಅದನ್ನೇ ಆಗ್ಸ್‌ಬರ್ಗ್ ಅರಿಕೆ ಅನ್ನುತ್ತಾರೆ. ಬರೆದವರು ಫಿಲಿಪ್ ಮೆಲಾಂಕ್ಥನ್. ಲೂಥರ್ ಮೇಲೆ ಚಕ್ರವರ್ತಿಯ ಬಹಿಷ್ಕಾರ ಇದ್ದುದರಿಂದ ಅವರು ಕೋಬರ್ಗ್ ಕೋಟೆಯಲ್ಲಿ ಕಾಯುತ್ತ ಕೂತಿದ್ದರು. ಅರಿಕೆಯಲ್ಲಿ 28 ಕಲಮುಗಳಿವೆ. ಕೊನೆಯದು, ಎಲ್ಲಕ್ಕಿಂತ ಉದ್ದದ್ದು, ಬಿಷಪರ ಅಧಿಕಾರದ ಬಗ್ಗೆಯೇ ಇದೆ.

ಆ 28ನೇ ಕಲಮಿನ ಸಾರ ಇಷ್ಟು. ಕತ್ತಿಯ ಅಧಿಕಾರ ಬೇರೆ, ವಾಕ್ಯದ ಅಧಿಕಾರ ಬೇರೆ. ಬಿಷಪ್ ಒಬ್ಬ ದೊರೆಯೂ ಆಗಿದ್ದರೆ ಆ ದೊರೆತನ ಅವನಿಗೆ ಲೋಕದ ಕಾನೂನಿನಿಂದ ಬಂದದ್ದು, ಸುವಾರ್ತೆಯಿಂದಲ್ಲ. ಬಿಷಪನಾಗಿ ಅವನ ಕೈಯಲ್ಲಿರುವುದು ವಾಕ್ಯ ಒಂದೇ. ಬಲ ಬಳಸದೆ, ವಾಕ್ಯದಿಂದಲೇ ನಡೆಸಬೇಕು ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಆ ಮಿತಿಯೊಳಗೆ ಸಭೆಗಳು ಬಿಷಪರ ಮಾತು ಕೇಳಲೇಬೇಕು ಅಂತಲೂ ಹೇಳಿದ್ದಾರೆ. ಆದರೆ ಬಿಷಪರು ಸುವಾರ್ತೆಗೆ ವಿರುದ್ಧ ಕಲಿಸಿದರೆ? ಆಗ ಕೇಳಬಾರದು, ಅದು ದೇವರ ಆಜ್ಞೆ ಅನ್ನುತ್ತದೆ ಕಲಮು. ಉಪವಾಸದ ದಿನ, ಹಬ್ಬದ ದಿನ ಇತ್ಯಾದಿ ನಿಯಮಗಳನ್ನು ಸಭೆಯ ಶಿಸ್ತಿಗಾಗಿ ಮಾಡಬಹುದು. ಅವುಗಳನ್ನು ಪಾಲಿಸಿದರೆ ಪುಣ್ಯ, ಇಲ್ಲದಿದ್ದರೆ ಪಾಪ ಅಂತ ಜನರ ಮನಸ್ಸಾಕ್ಷಿಗೆ ಹೊರೆ ಹೊರಿಸುವ ಹಾಗಿಲ್ಲ.

ಗಮನಿಸಿ, ಬಿಷಪ್ ಹುದ್ದೆಯನ್ನೇ ತೆಗೆದುಹಾಕಿ ಅಂತ ಇಲ್ಲಿ ಯಾರೂ ಹೇಳಿಲ್ಲ. ಮರುವರ್ಷ ಮೆಲಾಂಕ್ಥನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಳೇ ಸಭಾಕ್ರಮವನ್ನೂ ಬಿಷಪರ ಶ್ರೇಣಿಗಳನ್ನೂ ಉಳಿಸಿಕೊಳ್ಳುವುದೇ ನಮ್ಮ ಆಸೆ ಅಂತ ಬರೆದರು. ಅದು ಮನುಷ್ಯರು ಮಾಡಿದ್ದು ಅನ್ನುವುದು ಗೊತ್ತಿದ್ದೂ ಬರೆದರು.

ಹಾಗಾದರೆ ಉಳಿಯಲಿಲ್ಲ ಯಾಕೆ? ಜರ್ಮನಿಯಲ್ಲಿ ಹಳೇ ಬಿಷಪರು ಲೂಥರನ್ ಅಭ್ಯರ್ಥಿಗಳಿಗೆ ಗುರುದೀಕ್ಷೆ ಕೊಡಲು ಒಪ್ಪಲಿಲ್ಲ. ಸಭೆಗಳಿಗೆ ಪಾಸ್ಟರುಗಳು ಬೇಕಾಗಿತ್ತು. ಎಷ್ಟು ವರ್ಷ ಕಾಯುತ್ತೀರಿ? 1537ರಲ್ಲಿ ಶ್ಮಾಲ್ಕಾಲ್ಡೆನ್‌ನಲ್ಲಿ ಸೇರಿದಾಗ ಮೆಲಾಂಕ್ಥನ್ ಇನ್ನೊಂದು ಬರಹ ಮುಂದಿಟ್ಟರು. ದೇವರ ಕಟ್ಟಳೆಯ ಪ್ರಕಾರ ಬಿಷಪ್ ಮತ್ತು ಪಾಸ್ಟರ್ ನಡುವೆ ದರ್ಜೆಯ ವ್ಯತ್ಯಾಸ ಇಲ್ಲ, ಆದ್ದರಿಂದ ಪಾಸ್ಟರ್ ಕೊಟ್ಟ ಗುರುದೀಕ್ಷೆಯೂ ಸರಿಯಾದದ್ದೇ ಅಂತ ಅದರ ವಾದ. ಸಾಕ್ಷಿಗೆ ಎಳೆದು ತಂದದ್ದು ಹಳೆಗಾಲದ ಸಭಾಪಿತೃ ಜೆರೋಮ್‌ನನ್ನು. ಮೊದಲಿಗೆ ಹಿರಿಯರೂ ಬಿಷಪರೂ ಒಂದೇ ಆಗಿದ್ದರು, ಸಭೆಯಲ್ಲಿ ಒಡಕು ಬರದಿರಲಿ ಅಂತ ಆಮೇಲೆ ಒಬ್ಬನನ್ನು ಮೇಲೆ ಕೂರಿಸಿದರು ಅನ್ನುವುದು ಜೆರೋಮ್‌ನ ಮಾತು.

ಈ ಎರಡು ಬರಹಗಳೂ ಲೂಥರನ್ನರಿಗೆ ಪ್ರಮಾಣ. ಒಂದು ‘ಬಿಷಪರನ್ನು ಉಳಿಸಿಕೊಳ್ಳುವ ಆಸೆ’ ಅನ್ನುತ್ತದೆ. ಇನ್ನೊಂದು ‘ಬಿಷಪ್ ಇಲ್ಲದೆಯೂ ನಡೆಯುತ್ತದೆ’ ಅನ್ನುತ್ತದೆ. 1537ರದ್ದು ತುರ್ತು ಪರಿಸ್ಥಿತಿಯ ಏರ್ಪಾಡು, ಪರಿಸ್ಥಿತಿ ಸರಿಹೋದ ಮೇಲೆ ಹಳೇ ಕ್ರಮಕ್ಕೆ ಮರಳಬೇಕು ಅಂತ ಒಂದು ಗುಂಪು. ತುರ್ತಿನ ನೆಪದಲ್ಲಿ ಹೊರಬಂದರೂ ಅದು ಶಾಶ್ವತ ಸತ್ಯ ಅಂತ ಇನ್ನೊಂದು ಗುಂಪು. ಇವತ್ತಿಗೂ ಈ ಎರಡೇ ಗುಂಪು.

ಲೂಥರ್ ಸ್ವತಃ ಏನು ಮಾಡಿದರು ಗೊತ್ತಾ? 1542ರ ಜನವರಿಯಲ್ಲಿ ನೌಮ್‌ಬರ್ಗ್‌ಗೆ ಹೋಗಿ ತಮ್ಮ ಗೆಳೆಯ ನಿಕೊಲಾಸ್ ಫಾನ್ ಆಮ್ಸ್‌ಡಾರ್ಫ್ ತಲೆ ಮೇಲೆ ಕೈಯಿಟ್ಟು ಬಿಷಪ್ ಮಾಡಿದರು. ಲೂಥರ್ ಬಿಷಪ್ ಆಗಿರಲಿಲ್ಲ. ಜೊತೆಗೆ ಕೈಯಿಟ್ಟ ಸುತ್ತಲಿನ ಪಾಸ್ಟರುಗಳೂ ಬಿಷಪರಲ್ಲ. ಹಿಂದೆ ನಿಂತು ನಡೆಸಿದ್ದು ಸಾಕ್ಸನಿಯ ದೊರೆ. ಅಲ್ಲಿನ ಕ್ಯಾಥೊಲಿಕ್ ಸಮಿತಿ ಯೂಲಿಯಸ್ ಫಾನ್ ಫ್ಲುಗ್ ಎಂಬವರನ್ನು ಆರಿಸಿತ್ತು, ದೊರೆ ಅವರನ್ನು ಬದಿಗೊತ್ತಿದ. 1547ರ ಯುದ್ಧದಲ್ಲಿ ದೊರೆ ಸೋತ, ಆಮ್ಸ್‌ಡಾರ್ಫ್ ಪೀಠವೂ ಹೋಯಿತು. ನನಗೆ ಈ ಪ್ರಸಂಗ ಯಾಕೆ ಮುಖ್ಯ ಅನ್ನಿಸುತ್ತದೆ ಅಂದರೆ, ಎರಡೂ ಗುಂಪಿನವರು ಇದನ್ನೇ ತೋರಿಸುತ್ತಾರೆ. ‘ನೋಡಿ, ಲೂಥರಿಗೆ ಬಿಷಪ್ ಬೇಕಾಗಿತ್ತು’ ಅಂತ ಒಬ್ಬರು. ‘ನೋಡಿ, ಲೂಥರಿಗೆ ಬಿಷಪರಿಂದ ಬಿಷಪರಿಗೆ ಬರುವ ಪರಂಪರೆ ಬೇಕಾಗಿರಲಿಲ್ಲ’ ಅಂತ ಇನ್ನೊಬ್ಬರು. ಇಬ್ಬರೂ ಸರಿಯೇ.

ಆಮೇಲೆ ಒಂದೊಂದು ದೇಶ ಒಂದೊಂದು ದಾರಿ ಹಿಡಿಯಿತು. ಸ್ವೀಡನ್ನಿನಲ್ಲಿ ಬಿಷಪರಿಂದ ಬಿಷಪರಿಗೆ ಕೈಯಿಟ್ಟು ಬಂದ ಸಾಲು ಮುರಿಯಲಿಲ್ಲ. 1524ರಲ್ಲಿ ರೋಮಿನಲ್ಲೇ ಬಿಷಪ್ ಪಟ್ಟ ಪಡೆದ ಪೆಟ್ರುಸ್ ಮಾಗ್ನಿ 1531ರಲ್ಲಿ ಲಾರೆಂಟಿಯಸ್ ಪೆಟ್ರಿಯನ್ನು ಮೊದಲ ಲೂಥರನ್ ಆರ್ಚ್‌ಬಿಷಪ್ ಮಾಡಿದರು. ಡೆನ್ಮಾರ್ಕಿನಲ್ಲಿ ಅದರ ಉಲ್ಟಾ. 1536ರಲ್ಲಿ ರಾಜ ಮೂರನೇ ಕ್ರಿಶ್ಚಿಯನ್ ಹಳೇ ಬಿಷಪರನ್ನು ಜೈಲಿಗೆ ಹಾಕಿದ. ಮರುವರ್ಷ ವಿಟೆನ್‌ಬರ್ಗಿನ ಪಾಸ್ಟರ್ ಯೋಹಾನ್ನೆಸ್ ಬುಗೆನ್‌ಹಾಗೆನ್ ಬಂದು ಏಳು ಹೊಸಬರಿಗೆ ಕೈಯಿಟ್ಟರು. ಕೊಟ್ಟವರು ಬಿಷಪ್ ಅಲ್ಲ, ಆದರೂ ಪಡೆದವರನ್ನು ಬೇಗನೆ ಜನ ಬಿಷಪ್ ಅನ್ನತೊಡಗಿದರು. ಫಿನ್ಲೆಂಡಿನದು ತಮಾಷೆಯ ಕಥೆ. ಅಲ್ಲಿ ಸ್ವೀಡನ್ನಿನ ಸಾಲೇ ನಡೆದು ಬಂದಿತ್ತು. 1884ರ ಹೊತ್ತಿಗೆ ಇದ್ದ ಬಿಷಪರೆಲ್ಲ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಕೊನೆಗೆ ಒಬ್ಬ ದೇವತಾಶಾಸ್ತ್ರದ ಪ್ರೊಫೆಸರ್ ಹೊಸ ಆರ್ಚ್‌ಬಿಷಪರಿಗೆ ಪಟ್ಟ ಕೊಟ್ಟರು. ಸಾಲು ಕಡಿದುಹೋಯಿತು. ಫಿನ್ಲೆಂಡಿನ ಸಭೆಗಳು ಮುಂದಿನ ಭಾನುವಾರ ಎಂದಿನಂತೆ ಆರಾಧನೆ ಮಾಡಿದವು. 1930ರ ದಶಕದಲ್ಲಿ ಸ್ವೀಡನ್ನಿನ ಮೂಲಕ ಸಾಲನ್ನು ಮತ್ತೆ ಜೋಡಿಸಿಕೊಂಡರು.

ಜರ್ಮನಿಯಲ್ಲಿ ಬಿಷಪರ ಜಾಗಕ್ಕೆ ದೊರೆ ಬಂದು ಕೂತ. ಲೂಥರ್ ದೊರೆಗಳನ್ನು ಆಪತ್ಕಾಲದ ಬಿಷಪರು ಅಂದುಕೊಂಡಿದ್ದರು. ಆ ಆಪತ್ಕಾಲ 1918ರವರೆಗೆ ನಡೆಯಿತು! ಪ್ರಷ್ಯಾದ ರಾಜ ಮೂರನೇ ಫ್ರೆಡರಿಕ್ ವಿಲ್ಹೆಲ್ಮ್ 1817ರಿಂದ ಲೂಥರನ್ ಮತ್ತು ರಿಫಾರ್ಮ್ಡ್ (ಕ್ಯಾಲ್ವಿನ್ ದಾರಿಯ) ಸಭೆಗಳನ್ನು ಒಂದು ಮಾಡಲು ಹೊರಟ, ಆರಾಧನೆಯ ಪುಸ್ತಕವನ್ನೂ ತಾನೇ ಹೇರಿದ. ಒಪ್ಪದ ಪಾಸ್ಟರುಗಳು ಜೈಲು ಕಂಡರು, ಎಷ್ಟೋ ಕುಟುಂಬಗಳು ಊರು ಬಿಟ್ಟವು. ಬಿಷಪ್ ಇಲ್ಲದ ಜಾಗದಲ್ಲಿ ಸ್ವಾತಂತ್ರ್ಯ ತಾನಾಗಿ ಬರುತ್ತದೆ ಅನ್ನುವವರು ಈ ಸುಮಾರು ನಾನೂರು ವರ್ಷವನ್ನು ಓದಬೇಕು.

ಈಗ ನಿಮ್ಮ ಮಗಳ ಬೀದಿಗೆ ಬರೋಣ. ಬಿಷಪ್ ಇರುವುದು ಬಹುಶಃ ಇಎಲ್‌ಸಿಎ, ಅಂದರೆ ಅಮೆರಿಕದ ಇವಾಂಜೆಲಿಕಲ್ ಲೂಥರನ್ ಚರ್ಚ್. ‘ಪ್ರೆಸಿಡೆಂಟ್’ ಇರುವುದು ಮಿಸೌರಿ ಸಿನೋಡ್ ಇರಬೇಕು, ವಿಸ್ಕಾನ್ಸಿನ್ ಸಿನೋಡ್ ಕೂಡ ಇರಬಹುದು. ಸಿನೋಡ್ ಅಂದರೆ ಸಭೆಗಳ ಒಕ್ಕೂಟ.

ಮಿಸೌರಿಯವರು ಬಿಷಪ್ ಅಂದರೆ ಯಾಕೆ ಬೆಚ್ಚುತ್ತಾರೆ ಅನ್ನುವುದಕ್ಕೆ ಒಂದು ಕಥೆ ಇದೆ. ಡ್ರೆಸ್ಡೆನ್‌ನಲ್ಲಿ ಮಾರ್ಟಿನ್ ಸ್ಟೀಫನ್ ಎಂಬ ಪಾಸ್ಟರ್ ಇದ್ದರು. ಬೋಧನೆಗೆ ಜನ ಮುಗಿಬೀಳುತ್ತಿದ್ದರು. ಸಾಕ್ಸನಿಯ ಸರ್ಕಾರಿ ಚರ್ಚಿನಲ್ಲಿ ನಿಜವಾದ ನಂಬಿಕೆಗೆ ಉಳಿಗಾಲವಿಲ್ಲ ಅಂತ 1838ರ ಕೊನೆಗೆ ಅವರ ಹಿಂದೆ ಸುಮಾರು 700 ಜನ ಐದು ಹಡಗುಗಳಲ್ಲಿ ಅಮೆರಿಕಕ್ಕೆ ಹೊರಟರು. ‘ಅಮಾಲಿಯಾ’ ಎಂಬ ಹಡಗು ದಾರಿಯಲ್ಲೇ ಕಾಣೆಯಾಯಿತು. ಇನ್ನೊಂದು ಹಡಗಿನಲ್ಲಿ, ನೆಲ ಕಾಣುವ ಮೊದಲೇ, ಸ್ಟೀಫನ್ ನಮ್ಮ ಬಿಷಪ್ ಅಂತ ಕಾಗದ ಬರೆದು ಸಹಿ ಹಾಕಿದರು. ಮಿಸಿಸಿಪಿ ನದಿಯಲ್ಲಿ ಮೇಲಕ್ಕೆ ಹೋಗುವಾಗ ಇನ್ನೊಂದು ಕಾಗದ ಬಂತು. ಸಭೆಯ ವಿಷಯದಲ್ಲೂ ಊರಿನ ವಿಷಯದಲ್ಲೂ ಬಿಷಪರಿಗೆ ಅಧೀನರಾಗಿರುತ್ತೇವೆ ಅಂತ ಅದರಲ್ಲಿ ಮಾತು ಕೊಟ್ಟರು. ಎಲ್ಲರೂ ಸೇರಿಸಿದ ಹಣ ಕೂಡ ಅವರ ಹಿಡಿತಕ್ಕೆ ಬಂತು.

ಕೆಲವೇ ತಿಂಗಳು. 1839ರ ಮೇ ತಿಂಗಳಲ್ಲಿ ಹೆಂಗಸರ ವಿಷಯದಲ್ಲಿ ಕೆಟ್ಟ ನಡತೆ, ಹಣದ ದುರುಪಯೋಗ ಅಂತ ಆರೋಪಗಳು ಎದ್ದವು. ಪೀಠದಿಂದ ಇಳಿಸಿ, ದೋಣಿಯಲ್ಲಿ ಕೂರಿಸಿ, ನದಿಯ ಆಚೆ ದಡಕ್ಕೆ ಇಲಿನಾಯ್ ಕಡೆ ಬಿಟ್ಟು ಬಂದರು.

ಬಿಷಪ್ ಹೋದರು. ಉಳಿದವರಿಗೆ ಆಮೇಲೆ ಕಾಡಿದ ಪ್ರಶ್ನೆ ಅದಕ್ಕಿಂತ ದೊಡ್ಡದು. ನಾವೀಗ ಒಂದು ಸಭೆ ಹೌದಾ? ಬಿಷಪ್ ಇಲ್ಲ, ಊರಿನ ಚರ್ಚನ್ನು ಬಿಟ್ಟು ಬಂದಿದ್ದೇವೆ. ನಮ್ಮ ಪಾಸ್ಟರುಗಳು ಪಾಸ್ಟರುಗಳೇ ಹೌದಾ? ಕೆಲವರು ಎಲ್ಲ ಬಿಟ್ಟು ವಾಪಸ್ ಹೋಗೋಣ ಅಂದರು. 1841ರ ಏಪ್ರಿಲ್‌ನಲ್ಲಿ ಮಿಸೌರಿಯ ಆಲ್ಟೆನ್‌ಬರ್ಗ್ ಊರಿನಲ್ಲಿ ಬಹಿರಂಗ ಚರ್ಚೆ ಆಯಿತು. ಒಂದು ಕಡೆ ವಕೀಲ ಆಡಾಲ್ಫ್ ಮಾರ್‌ಬಾಖ್, ಇನ್ನೊಂದು ಕಡೆ ಇನ್ನೂ ಮೂವತ್ತು ತುಂಬದ ಪಾಸ್ಟರ್ ಸಿ. ಎಫ್. ಡಬ್ಲ್ಯೂ. ವಾಲ್ತರ್. ವಾಕ್ಯ ಇದೆ, ದೀಕ್ಷಾಸ್ನಾನ ಇದೆ, ಕರ್ತನ ಭೋಜನ ಇದೆ, ನಂಬುವ ಜನ ಇದ್ದಾರೆ, ಹಾಗಾಗಿ ಇಲ್ಲಿ ಸಭೆ ಇದೆ ಅಂತ ವಾಲ್ತರ್ ಹೇಳಿದರು. ಪಾಸ್ಟರನ್ನು ಕರೆಯುವ ಹಕ್ಕು ಆ ಜನರಿಗೇ ಇದೆ ಅಂದರು. ಜನ ನಿಟ್ಟುಸಿರು ಬಿಟ್ಟರು. 1847ರಲ್ಲಿ ಮಿಸೌರಿ ಸಿನೋಡ್ ಹುಟ್ಟಿದಾಗ ವಾಲ್ತರ್ ಮೊದಲ ಪ್ರೆಸಿಡೆಂಟ್. ಸ್ಥಳೀಯ ಸಭೆಯ ಆಡಳಿತದ ವಿಷಯದಲ್ಲಿ ಸಿನೋಡಿನದು ಸಲಹೆ ಮಾತ್ರ ಅನ್ನುವ ನಿಯಮ ಅವರ ಸಂವಿಧಾನದಲ್ಲಿ ಈಗಲೂ ಇದೆ.

ಹಾಗಂತ ಮಿಸೌರಿಯಲ್ಲಿ ಮೇಲಿನವರ ಮಾತು ನಡೆಯುವುದೇ ಇಲ್ಲ ಅಂದುಕೊಳ್ಳಬೇಡಿ. 1970ರ ದಶಕದಲ್ಲಿ ಸಿನೋಡಿನ ಪ್ರೆಸಿಡೆಂಟ್ ಆಗಿದ್ದ ಜೆ. ಎ. ಓ. ಪ್ರೂಸ್ ಕಾಲದಲ್ಲಿ ಸೇಂಟ್ ಲೂಯಿಸ್‌ನ ಕಾನ್ಕಾರ್ಡಿಯಾ ಸೆಮಿನರಿಯ ಬೋಧನೆ ತನಿಖೆಗೆ ಒಳಗಾಯಿತು. 1974ರ ಜನವರಿಯಲ್ಲಿ ಸೆಮಿನರಿಯ ಮುಖ್ಯಸ್ಥ ಜಾನ್ ಟೀಟ್‌ಯೆನ್ ಅಮಾನತಾದರು. ಫೆಬ್ರವರಿಯಲ್ಲಿ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿ ಕ್ಯಾಂಪಸ್ ಬಿಟ್ಟು ಹೊರನಡೆದರು. ಪದವಿಯ ಹೆಸರು ಪ್ರೆಸಿಡೆಂಟ್ ಆದರೇನು, ಬಿಷಪ್ ಆದರೇನು, ಅಲ್ವಾ?

ಇನ್ನು ಇಎಲ್‌ಸಿಎ. ಇದು ಮೂರು ಚರ್ಚುಗಳು ಸೇರಿ 1988ರಲ್ಲಿ ಆದದ್ದು. ಬಿಷಪ್ ಅನ್ನುವ ಹೆಸರು ಅದರ ಹಿಂದಿನ ಚರ್ಚುಗಳಿಗೆ ಬಂದದ್ದೇ 1970ರ ಈಚೆಗೆ, ಅದಕ್ಕೂ ಮೊದಲು ಅಲ್ಲೂ ಪ್ರೆಸಿಡೆಂಟರೇ. ಹೆಸರು ಬದಲಾದಾಗ ದೊಡ್ಡ ಗಲಾಟೆ ಆಗಲಿಲ್ಲ. ಗಲಾಟೆ ಶುರುವಾದದ್ದು ಎಪಿಸ್ಕೋಪಲ್ ಚರ್ಚ್, ಅಂದರೆ ಅಮೆರಿಕದ ಆಂಗ್ಲಿಕನ್ನರ ಜೊತೆ ಒಪ್ಪಂದಕ್ಕೆ ಕೂತಾಗ. ಒಬ್ಬರ ಪಾಸ್ಟರ್ ಇನ್ನೊಬ್ಬರಲ್ಲಿ ಸೇವೆ ಮಾಡಬಹುದು ಅನ್ನುವುದು ಗುರಿ. ಆಂಗ್ಲಿಕನ್ನರಿಗೆ ಅಪೊಸ್ತಲರಿಂದ ಕೈಯಿಂದ ಕೈಗೆ ಬಂದ ಬಿಷಪರ ಪರಂಪರೆ ಮುಖ್ಯ. ಅದನ್ನು ಇಎಲ್‌ಸಿಎ ಸ್ವೀಕರಿಸಬೇಕಿತ್ತು.

1997ರಲ್ಲಿ ಫಿಲಡೆಲ್ಫಿಯಾದ ಮಹಾಸಭೆಯಲ್ಲಿ ಮೊದಲ ಒಪ್ಪಂದ ಓಟಿಗೆ ಬಂತು. ಮೂರನೇ ಎರಡು ಭಾಗ ಬೇಕಿತ್ತು. ಪರ 684, ವಿರುದ್ಧ 351. ಆರೇ ಆರು ಓಟು ಕಡಿಮೆ ಬಿತ್ತು. ತಿದ್ದಿ ಬರೆದರು. 1999ರಲ್ಲಿ ಡೆನ್ವರ್‌ನಲ್ಲಿ 716ಕ್ಕೆ 317ರಂತೆ ಪಾಸಾಯಿತು. 2001ರ ಜನವರಿಯಿಂದ ಜಾರಿ. ಹೊಸ ಬಿಷಪರಿಗೆ ಪಟ್ಟ ಕೊಡುವಾಗ ಪರಂಪರೆಯಲ್ಲಿರುವ ಕನಿಷ್ಠ ಮೂವರು ಬಿಷಪರು ಕೈಯಿಡಬೇಕು. ಇನ್ನು ಮುಂದೆ ಪಾಸ್ಟರುಗಳಿಗೆ ಗುರುದೀಕ್ಷೆ ಬಿಷಪರಿಂದಲೇ. ಆದರೆ ಈಗಾಗಲೇ ಪಾಸ್ಟರ್ ಆದವರಿಗೆ ಮತ್ತೆ ದೀಕ್ಷೆ ಬೇಡ.

ವಿರೋಧಕ್ಕೆ ಮುಂದೆ ನಿಂತದ್ದು ನಿಮ್ಮ ಮಗಳು ಇರುವ ಮಿನ್ನೆಸೋಟಾ ಕಡೆಯವರೇ. ಅಲ್ಲಿನ ಹಳೇ ಕುಟುಂಬಗಳಲ್ಲಿ ನಾರ್ವೆಯಿಂದ ಬಂದವರು ಬಹಳ. ಅವರ ಮನೆಗಳಲ್ಲಿ ಹಾನ್ಸ್ ನೀಲ್ಸನ್ ಹೌಗೆಯ ನೆನಪು ಹೋಗಿಲ್ಲ. ಹೌಗೆ ಒಬ್ಬ ರೈತನ ಮಗ. ಪಾಸ್ಟರ್ ಇಲ್ಲದೆ ಪ್ರಾರ್ಥನಾ ಕೂಟ ನಡೆಸಬಾರದು ಅನ್ನುವ ಕಾನೂನು ಮುರಿದು ಊರೂರು ಸುತ್ತಿ ಬೋಧಿಸಿದ. 1804ರಲ್ಲಿ ಹಿಡಿದು ವರ್ಷಗಟ್ಟಲೆ ಸೆರೆಯಲ್ಲಿಟ್ಟರು. ಸರ್ಕಾರಿ ಚರ್ಚಿನ ಆ ಬಿಗಿಯನ್ನು ಬಿಟ್ಟು ಸಾಗರ ದಾಟಿದವರ ಮೊಮ್ಮಕ್ಕಳಿಗೆ ‘ಬಿಷಪರ ಕೈ ಬೀಳದಿದ್ದರೆ ಪಾಸ್ಟರ್ ಆಗಲ್ಲ’ ಅಂದರೆ ಹೇಗಿರುತ್ತದೆ ಯೋಚಿಸಿ.

ಆದರೆ ಅವರ ವಾದ ಬರೀ ನೆನಪಿನದ್ದಲ್ಲ. ಆಗ್ಸ್‌ಬರ್ಗ್ ಅರಿಕೆಯ 7ನೇ ಕಲಮು ಸಭೆಯ ಒಗ್ಗಟ್ಟಿಗೆ ಏನು ಸಾಕು ಅಂತ ಹೇಳುತ್ತದೆ. ಸುವಾರ್ತೆಯ ಬೋಧನೆಯಲ್ಲೂ ಸಂಸ್ಕಾರಗಳನ್ನು ಕೊಡುವುದರಲ್ಲೂ ಒಮ್ಮತ ಇದ್ದರೆ ಸಾಕು, ಮನುಷ್ಯರು ಮಾಡಿದ ಆಚಾರಗಳು ಎಲ್ಲ ಕಡೆ ಒಂದೇ ಇರಬೇಕಾಗಿಲ್ಲ ಅನ್ನುತ್ತದೆ. ಹಾಗಾದರೆ ಬಿಷಪರ ಪರಂಪರೆಯನ್ನು ಷರತ್ತು ಮಾಡಿದ್ದು ಯಾಕೆ ಅಂತ ಅವರ ಪ್ರಶ್ನೆ. ಒಪ್ಪಂದದಲ್ಲೇ ಒಂದು ವಿಚಿತ್ರ ಇತ್ತು. ಈ ಪರಂಪರೆ ಪೂರ್ಣ ಸಹಭಾಗಿತ್ವಕ್ಕೆ ಅಗತ್ಯವಲ್ಲ ಅಂತ ನಂಬಲು ಇಎಲ್‌ಸಿಎಗೆ ಸ್ವಾತಂತ್ರ್ಯ ಇದೆ ಅಂತ ಬರೆದಿತ್ತು. ಆದರೆ ಪಾಲಿಸಲೇಬೇಕು. ಊಟಕ್ಕೆ ಉಪ್ಪಿನಕಾಯಿ ಇರಲೇಬೇಕು ಅಂತೇನಿಲ್ಲ, ಆದರೆ ಉಪ್ಪಿನಕಾಯಿ ಹಾಕಿಸಿಕೊಳ್ಳದವರಿಗೆ ಎಲೆ ಹಾಕಲ್ಲ ಅಂದ ಹಾಗೆ.

ಬೆಂಬಲಿಗರ ಉತ್ತರವೂ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಅಗತ್ಯವಿಲ್ಲದ್ದು ಅಂದರೆ ಬೇಡವಾದದ್ದು ಅಂತಲ್ಲವಲ್ಲ, ಅಂದರು ಅವರು. ನಮಗೆ ಸ್ವಾತಂತ್ರ್ಯ ಇರುವುದರಿಂದಲೇ ಇನ್ನೊಬ್ಬರ ಜೊತೆ ಕೂಡುವುದಕ್ಕಾಗಿ ಸ್ವೀಕರಿಸಬಹುದು. ಸ್ವೀಡನ್ನಿನವರಿಗೆ ಪರಂಪರೆ ಇದ್ದೂ ಅವರು ಲೂಥರನ್ನರಾಗಿಯೇ ಉಳಿದಿಲ್ಲವೇ? ಮೆಲಾಂಕ್ಥನ್ ಕೂಡ ಅದೇ ಆಸೆ ಪಟ್ಟಿದ್ದರಲ್ಲವೇ?

ಇದಕ್ಕೆ ವಿರೋಧಿಗಳು ಲೂಥರನ್ನರ ಇನ್ನೊಂದು ಪ್ರಮಾಣ ಬರಹವಾದ 1577ರ ಕಾನ್ಕಾರ್ಡ್ ಸೂತ್ರದ 10ನೇ ಕಲಮು ತೆಗೆದರು. ಸ್ವತಂತ್ರವಾಗಿ ಬಿಟ್ಟ ವಿಷಯವನ್ನು ಯಾರಾದರೂ ಕಡ್ಡಾಯ ಅಂತ ಹೇರಿದರೆ, ಆ ಹೊತ್ತಿನಲ್ಲಿ ಬಗ್ಗಬಾರದು ಅನ್ನುವ ಕಲಮು ಅದು. ಚಕ್ರವರ್ತಿ ಯುದ್ಧ ಗೆದ್ದ ಮೇಲೆ 1548ರಲ್ಲಿ ಹಳೇ ಆಚಾರಗಳನ್ನು ಹೇರಿದಾಗ ಆದ ಒಳಜಗಳದಿಂದ ಹುಟ್ಟಿದ್ದು. ಅದನ್ನು 1999ಕ್ಕೆ ಅನ್ವಯಿಸುವುದು ಸ್ವಲ್ಪ ಎಳೆದಾಟ ಅಂತ ನನ್ನ ಅನಿಸಿಕೆ. ಡೆನ್ವರ್‌ನಲ್ಲಿ ಯಾರ ಹಿಂದೆಯೂ ಸೈನ್ಯ ಇರಲಿಲ್ಲ. ಇಎಲ್‌ಸಿಎ ತಾನೇ ಕೂತು ಓಟು ಹಾಕಿತು. ಆದರೂ ಒಟ್ಟಾರೆ ನನ್ನನ್ನು ಕೇಳಿದರೆ, ಅಂದು ಓಟು ಗೆದ್ದದ್ದು ಬೆಂಬಲಿಗರು, ವಾದ ಗೆದ್ದದ್ದು ವಿರೋಧಿಗಳು. ‘ಅಗತ್ಯವಿಲ್ಲ, ಆದರೆ ಕಡ್ಡಾಯ’ ಅನ್ನುವ ಮಾತಿಗೆ ತೃಪ್ತಿಯಾಗುವ ಉತ್ತರ ಇನ್ನೂ ನನಗೆ ಸಿಕ್ಕಿಲ್ಲ.

ಮುಂದೆ ಏನಾಯಿತು? 2000ದಲ್ಲಿ ‘ವರ್ಡ್ ಅಲೋನ್’ ಎಂಬ ಸಂಘಟನೆ, 2001ರಲ್ಲಿ ಎಲ್‌ಸಿಎಂಸಿ ಎಂಬ ಬಿಷಪರಿಲ್ಲದ ಸಭೆಗಳ ಕೂಟ ಹುಟ್ಟಿದವು. ಅದೇ ವರ್ಷ ಇಎಲ್‌ಸಿಎ ಒಂದು ಕಿಟಕಿ ತೆರೆಯಿತು. ಅಪರೂಪದ ಸಂದರ್ಭದಲ್ಲಿ ಬಿಷಪರ ಬದಲು ಪಾಸ್ಟರೇ ಗುರುದೀಕ್ಷೆ ಕೊಡಬಹುದು ಅಂತ ಉಪನಿಯಮ ಮಾಡಿತು. ಎಪಿಸ್ಕೋಪಲ್ ಚರ್ಚಿನವರಿಗೆ ಇದು ಹಿಡಿಸಲಿಲ್ಲ. ಒಪ್ಪಂದ ಮಾತ್ರ ಮುರಿಯಲಿಲ್ಲ.

ಇಷ್ಟೆಲ್ಲ ಆದ ಮೇಲೂ ಇಎಲ್‌ಸಿಎ ಬಿಷಪರ ದಿನನಿತ್ಯದ ಅಧಿಕಾರ ನೋಡಿದರೆ ನಿಮಗೆ ನಗು ಬರಬಹುದು. ಅವರನ್ನು ಪಾಸ್ಟರುಗಳೂ ಸಭೆಯ ಸಾಮಾನ್ಯ ಪ್ರತಿನಿಧಿಗಳೂ ಸೇರಿದ ಸಿನೋಡ್ ಸಭೆ ಆರು ವರ್ಷಕ್ಕೆ ಆರಿಸುತ್ತದೆ. ಸಭೆಗೆ ಪಾಸ್ಟರ್ ಬೇಕಾದಾಗ ಬಿಷಪ್ ಹೆಸರುಗಳನ್ನು ಸೂಚಿಸುತ್ತಾರೆ. ಆರಿಸುವುದು ಸಭೆಯವರು, ಓಟು ಹಾಕಿ. ನಮ್ಮಲ್ಲಿನ ಹಾಗೆ ವರ್ಗಾವಣೆ ಪಟ್ಟಿ ಹೊರಬೀಳುವ ದಿನ ಎದೆ ಹೊಡೆದುಕೊಳ್ಳುವುದು ಅಲ್ಲಿನ ಪಾಸ್ಟರುಗಳಿಗೆ ಗೊತ್ತೇ ಇಲ್ಲ.

ಬಿಷಪರ ಅಧಿಕಾರ ನಿಜಕ್ಕೂ ಕೆಲಸ ಮಾಡಿದ ಕಾಲ ಯಾವುದು ಅಂದರೆ ನಾನು ನಾರ್ವೆಯ 1942 ತೋರಿಸುತ್ತೇನೆ. ನಾತ್ಸಿಗಳು ದೇಶ ಹಿಡಿದಿದ್ದರು, ಕ್ವಿಸ್ಲಿಂಗ್ ಅವರ ಕೈಗೊಂಬೆ. ಬಿಷಪರು ಆಗ ಸರ್ಕಾರಿ ನೌಕರರು. ಫೆಬ್ರವರಿಯಲ್ಲಿ ಓಸ್ಲೋ ಬಿಷಪ್ ಐವಿನ್ ಬೆರ್ಗ್ರಾವ್ ಸೇರಿ ಏಳೂ ಬಿಷಪರು ಸರ್ಕಾರಿ ಹುದ್ದೆ ಬಿಟ್ಟರು. ಸರ್ಕಾರ ಕೊಟ್ಟದ್ದನ್ನು ವಾಪಸ್ ಕೊಡುತ್ತೇವೆ, ದೀಕ್ಷೆಯಲ್ಲಿ ಬಂದ ಕೆಲಸ ನಮ್ಮದೇ ಅಂದರು. ಈಸ್ಟರ್ ಭಾನುವಾರ ಬಹುಪಾಲು ಪಾಸ್ಟರುಗಳೂ ಹಾಗೇ ಮಾಡಿದರು. ಬೆರ್ಗ್ರಾವ್‌ರನ್ನು ಕಾಡಿನ ಒಂದು ಮರದ ಮನೆಯಲ್ಲಿ ಕಾವಲಿನಲ್ಲಿಟ್ಟರು. ಸಂಬಳ ಇಲ್ಲ, ಕಚೇರಿ ಇಲ್ಲ, ಜನ ಅವರ ಮಾತನ್ನೇ ಕೇಳಿದರು. 28ನೇ ಕಲಮು ಹೇಳುವುದು ಇದನ್ನೇ.

ಅದಕ್ಕೆ ಎದುರು ಉದಾಹರಣೆ 1933ರ ಜರ್ಮನಿ. ಹಿಟ್ಲರನ ಬೆಂಬಲದಿಂದ ಲುಡ್ವಿಗ್ ಮ್ಯುಲ್ಲರ್ ‘ರಾಷ್ಟ್ರ ಬಿಷಪ್’ ಆದ. ಮೇಲಿಂದ ಕೆಳಕ್ಕೆ ಆಜ್ಞೆ. 1934ರ ಮೇ ತಿಂಗಳಲ್ಲಿ ಬಾರ್ಮೆನ್ ಊರಿನಲ್ಲಿ ಸೇರಿದ ವಿರೋಧಿ ಸಭೆಗಳವರು ಅದನ್ನು ತಿರಸ್ಕರಿಸಿದರು. ಸಭೆಯ ಹುದ್ದೆಗಳು ಒಬ್ಬರು ಇನ್ನೊಬ್ಬರನ್ನು ಆಳುವುದಕ್ಕಲ್ಲ ಅಂದರು. ಅದೇ ವರ್ಷ ಅಕ್ಟೋಬರಿನಲ್ಲಿ ವ್ಯುರ್ಟೆಂಬರ್ಗಿನ ಬಿಷಪ್ ವುರ್ಮ್, ಬವೇರಿಯಾದ ಬಿಷಪ್ ಮೈಸರ್ ಇಬ್ಬರನ್ನೂ ಗೃಹಬಂಧನದಲ್ಲಿಟ್ಟಾಗ ಜನ ಬೀದಿಗೆ ಇಳಿದರು. ಬಿಡಲೇಬೇಕಾಯಿತು. ಮ್ಯುಲ್ಲರನಿಗಾಗಿ ಹಾಗೆ ಯಾರೂ ಬೀದಿಗೆ ಬರಲಿಲ್ಲ.

ಪರಂಪರೆ ಇದ್ದರೆ ಒಡಕು ಬರಲ್ಲ ಅನ್ನುವ ಮಾತೂ ಕೇಳಿರುತ್ತೀರಿ. 2005ರಲ್ಲಿ ಕೀನ್ಯಾದ ಲೂಥರನ್ ಬಿಷಪ್ ವಾಲ್ಟರ್ ಒಬಾರೆ ಸ್ವೀಡನ್ನಿಗೇ ಹೋಗಿ, ಹೆಂಗಸರಿಗೆ ಗುರುದೀಕ್ಷೆ ಕೊಡುವುದನ್ನು ಒಪ್ಪದ ಗುಂಪಿಗೆ ಆರ್ನೆ ಓಲ್ಸನ್ ಎಂಬವರನ್ನು ಬಿಷಪ್ ಮಾಡಿಬಂದರು. ಪರಂಪರೆಯ ಬಗ್ಗೆ ಯುರೋಪಿನ ಲೂಥರನ್ನರಲ್ಲೇ ಅತಿ ಹೆಮ್ಮೆಪಡುವ ದೇಶದಲ್ಲಿ ಹೀಗಾಯಿತು.

ನಮ್ಮ ದೇಶದಲ್ಲೂ ಈ ಜಗಳ ಹಳೇದೇ. 1706ರಲ್ಲಿ ಡೆನ್ಮಾರ್ಕಿನ ರಾಜ ಕಳಿಸಿದ ತ್ಸೀಗೆನ್‌ಬಾಲ್ಗ್ ಮತ್ತು ಪ್ಲ್ಯುಟ್‌ಶೌ ತರಂಗಂಬಾಡಿಗೆ ಬಂದರು. 1733ರಲ್ಲಿ ಅಲ್ಲಿ ಆರೋನ್ ಎಂಬ ತಮಿಳರಿಗೆ ಗುರುದೀಕ್ಷೆ ಆಯಿತು, ಭಾರತದ ಮೊದಲ ಲೂಥರನ್ ದೇಶೀ ಪಾಸ್ಟರ್. ಕೊಟ್ಟವರು ಮಿಷನರಿಗಳು, ಬಿಷಪ್ ಅಲ್ಲ. ಆಗ ಇಂಗ್ಲಿಷರ ಸಂಘಗಳೂ ಇದನ್ನು ಒಪ್ಪಿ, ಲೂಥರನ್ ಮಿಷನರಿಗಳಿಗೆ ಹಣ ಕೊಡುತ್ತಿದ್ದವು. 1779ರಲ್ಲಿ ಹೈದರಾಲಿಯ ಜೊತೆ ಮಾತುಕತೆಗೆ ಶ್ರೀರಂಗಪಟ್ಟಣಕ್ಕೆ ಬಂದಿದ್ದ ಶ್ವಾರ್ಟ್ಸ್ ಹಾಗೆ ಬದುಕಿದವರೇ. 1814ರಲ್ಲಿ ಕಲ್ಕತ್ತಕ್ಕೆ ಆಂಗ್ಲಿಕನ್ ಬಿಷಪ್ ಬಂದ ಮೇಲೆ ಗಾಳಿ ಬದಲಾಯಿತು. ತಿರುನೆಲ್ವೇಲಿಯಲ್ಲಿದ್ದ ಜರ್ಮನ್ ಮಿಷನರಿ ರೇನಿಯಸ್ ತನ್ನ ಉಪದೇಶಿಗಳಿಗೆ ಲೂಥರನ್ ಕ್ರಮದಲ್ಲೇ ದೀಕ್ಷೆ ಕೊಡಿಸಬೇಕು ಅಂದರು. ಬಿಷಪರಿಂದಲೇ ಆಗಬೇಕು ಅಂದಿತು ಅವರ ಇಂಗ್ಲಿಷ್ ಸಂಘ. 1835ರಲ್ಲಿ ಕೆಲಸದಿಂದ ತೆಗೆದರು. ಸಭೆಗಳು ಎರಡಾದವು.

ನಿಮ್ಮ ಮನೆತನದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದಾಗ ಅದರಲ್ಲಿ ಲೂಥರನ್ನರೂ ಇದ್ದರು, ರಿಫಾರ್ಮ್ಡ್ ಮಂದಿಯೂ ಇದ್ದರು. ಬಿಷಪ್ ಇರಲಿಲ್ಲ. ಆದರೆ ಬಾಸೆಲ್‌ನಲ್ಲಿ ಕಮಿಟಿ ಇತ್ತು, ಅದರ ಇನ್‌ಸ್ಪೆಕ್ಟರ್ ಇದ್ದರು. ಮಿಷನರಿ ಮದುವೆಯಾಗಬೇಕಾದರೂ ಕಮಿಟಿಯ ಒಪ್ಪಿಗೆ ಬೇಕು. 1851-52ರಲ್ಲಿ ಇನ್‌ಸ್ಪೆಕ್ಟರ್ ಯೋಸೆನ್‌ಹಾನ್ಸ್ ಸ್ವತಃ ಇಲ್ಲಿಗೆ ಬಂದು ನಿಯಮಗಳನ್ನು ಬಿಗಿ ಮಾಡಿಹೋದರು. ಎಷ್ಟೋ ಬಿಷಪರಿಗೆ ಅಷ್ಟು ಹಿಡಿತ ಇರಲಿಕ್ಕಿಲ್ಲ.

ಇನ್ನು 1947ರ ಸೆಪ್ಟೆಂಬರ್ 27ರಂದು ಹುಟ್ಟಿದ ಸಿಎಸ್‌ಐ. ಬಿಷಪರಿದ್ದ ಆಂಗ್ಲಿಕನ್ನರೂ ಬಿಷಪರಿಲ್ಲದವರೂ ಕೂಡಿದಾಗ ಒಂದು ಉಪಾಯ ಮಾಡಿದರು. ಬಿಷಪರ ಪರಂಪರೆಯನ್ನು ಸಂವಿಧಾನದ ಕಟ್ಟಿನೊಳಗೆ ಇಟ್ಟುಕೊಂಡರು. ಅದರ ಅರ್ಥ ಇಂಥದ್ದೇ ಅಂತ ಯಾರ ಮೇಲೂ ಹೇರಲಿಲ್ಲ. ಹಳೇ ಪಾಸ್ಟರುಗಳಿಗೆ ಮತ್ತೆ ದೀಕ್ಷೆ ಕೊಡಲಿಲ್ಲ, ಹೊಸಬರಿಗೆ ಬಿಷಪರ ದೀಕ್ಷೆ. 1999ರಲ್ಲಿ ಅಮೆರಿಕದವರು ಹೆಣಗಾಡಿ ಮಾಡಿಕೊಂಡದ್ದು ಹೆಚ್ಚುಕಡಿಮೆ ಇದನ್ನೇ. ಹಾಗಾಗಿ ‘ನಮ್ಮಲ್ಲಿ ಬಿಷಪ್ ಅಂದರೆ ಕೊನೇ ಮಾತು’ ಅಂದಿರಲ್ಲ, ಅದು ರೂಢಿಯಿಂದ ಬಂದ ಮಾತು. ನಿಮ್ಮ ಚರ್ಚಿನ ಸಂವಿಧಾನ ತೆಗೆದು ನೋಡಿ, ಬಿಷಪ್ ಜೊತೆಗೆ ಡಯಾಸಿಸ್ ಕೌನ್ಸಿಲ್ ಮತ್ತು ಸಿನೋಡ್ ಕೂಡ ಅಲ್ಲಿವೆ. ಭಾರತದ ಲೂಥರನ್ನರು ಮಾತುಕತೆ ನಡೆಸಿದರೂ ಸಿಎಸ್‌ಐಗೆ ಸೇರಲಿಲ್ಲ. ಅವರಲ್ಲೂ ತಮಿಳು ಲೂಥರನ್ ಚರ್ಚಿಗೆ ಸ್ವೀಡನ್ನಿನ ಸಾಲಿನಿಂದ 1921ರಲ್ಲಿ ಬಿಷಪ್ ಬಂದರು. ಮಿಸೌರಿ ಮೂಲದ ಇಂಡಿಯಾ ಇವಾಂಜೆಲಿಕಲ್ ಲೂಥರನ್ ಚರ್ಚಿನಲ್ಲಿ ಪ್ರೆಸಿಡೆಂಟ್. ಅಮೆರಿಕದ ಬೀದಿಯಲ್ಲಿ ಮಗಳು ಕಂಡದ್ದು ಇಲ್ಲೂ ಇದೆ.

ಕೊನೆಗೆ ಕರ್ತನ ಭೋಜನದ ಪ್ರಶ್ನೆ. ಬಿಷಪ್ ಇಲ್ಲ ಅನ್ನುವ ಕಾರಣಕ್ಕೆ ಹಿಂಜರಿಯಬೇಕಾಗಿಲ್ಲ. ನಿಮ್ಮ ಮುತ್ತಜ್ಜಂದಿರು ಬಿಷಪ್ ಇಲ್ಲದ ಸಭೆಯಲ್ಲೇ ತೆಗೆದುಕೊಂಡವರು. ಅಡ್ಡಿ ಬರುವುದು ಬೇರೆ ಕಡೆಯಿಂದ. ಇಎಲ್‌ಸಿಎಯಲ್ಲಿ ದೀಕ್ಷಾಸ್ನಾನ ಆದವರನ್ನು ಸಾಮಾನ್ಯವಾಗಿ ಸ್ವಾಗತಿಸುತ್ತಾರೆ, ಅವಳು ನೇರ ಹೋಗಬಹುದು. ಮಿಸೌರಿ ಮತ್ತು ವಿಸ್ಕಾನ್ಸಿನ್ ಸಿನೋಡಿನವರು ತಮ್ಮ ಬೋಧನೆಯನ್ನು ಒಪ್ಪಿ ಸದಸ್ಯರಾದವರಿಗೆ ಮಾತ್ರ ಕೊಡುವುದು ರೂಢಿ. ಅಲ್ಲಿಗೆ ಹೋಗುವುದಾದರೆ ಆ ವಾರದ ಮೊದಲೇ ಪಾಸ್ಟರಿಗೆ ಫೋನ್ ಮಾಡಿ, ತಾನು ಸಿಎಸ್‌ಐ ಸಭೆಯವಳು ಅಂತ ತಿಳಿಸಿ ಕೇಳಲಿ. ಇಲ್ಲ ಅಂದರೂ ಬೇಸರ ಮಾಡಿಕೊಳ್ಳುವುದು ಬೇಡ, ಎಲ್ಲರಿಗೂ ಹಾಗೇ ಹೇಳುತ್ತಾರೆ. ಯಾವ ಚರ್ಚಿಗೆ ಸೇರಬೇಕು ಅಂತ ತೀರ್ಮಾನಿಸುವ ಮೊದಲು ಎರಡೂ ಕಡೆ ನಾಲ್ಕಾರು ಭಾನುವಾರ ಕೂತು ಬೋಧನೆ ಕೇಳಲಿ. ಸಭೆಯ ಸಂವಿಧಾನದ ಪ್ರತಿಯನ್ನೂ ಕೇಳಿ ಪಡೆಯಲಿ. ಪಾಸ್ಟರನ್ನು ಯಾರು ಆರಿಸುತ್ತಾರೆ, ಕಟ್ಟಡ ಯಾರ ಹೆಸರಲ್ಲಿದೆ, ದೂರು ಬಂದರೆ ಯಾರು ವಿಚಾರಿಸುತ್ತಾರೆ ಅನ್ನುವುದು ಅದರಲ್ಲೇ ಬರೆದಿರುತ್ತದೆ.